ಸುವಾರ್ತಮ್ಮನ ಪಟ್ಟಿಯ ಕೊನೇ ಹೆಸರು

ಇಲ್ಲಿ ಬರೆದಿರೋದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ಗೇಟು ಮುಟ್ಟಿ ಆಣೆ ಮಾಡಿ ಹೇಳೋ ಮಾತಿದು. ಆ ಗೇಟು ಮುಟ್ಟಿ ಸುಳ್ಳು ಹೇಳಿದೋರ ಗೂಡು ತಕ್ಕಡೀಲಿ ತೂಕ ಬರಲ್ಲ. ಇನ್ನೂ ಅನುಮಾನ ಇದ್ರೆ ಟೀ ಅಂಗಡಿ ಕೋನಪ್ಪನ್ನ ಕೇಳಿ. ಕೋನಪ್ಪ ಜೀವಮಾನದಲ್ಲಿ ಸುಳ್ಳು ಹೇಳಿರೋದು ಎರಡೇ ಸಲ, ಎರಡೂ ಹಾಲಿನ ವಿಷಯಕ್ಕೆ.

ಸೋಮವಾರ, ಬೆಳಗ್ಗೆ ಐದೂವರೆ. ರಮೇಶ್‌ಬಾಬು ಅವರ ಫಿಲೇಚರ್‌ನಲ್ಲಿ, ಅಂದ್ರೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚೋ ಶೆಡ್ಡಿನಲ್ಲಿ, ಆರು ಬೇಸಿನ್ನುಗಳಿಂದಲೂ ಆವಿ ಏಳ್ತಾ ಇದೆ. ಆ ಆವಿ ಶೀಟಿನ ಸಂದಿಯಿಂದ ಹೊರಗೆ ನುಸುಳಿ, ಮಸೀದಿ ಮಿನಾರನ್ನ ಸವರ್ಕೊಂಡು, ಹಿಪ್ಪುನೇರಳೆ ತೋಟಗಳ ಮೇಲೆ ನಿಧಾನಕ್ಕೆ ಪಡುವಣದ ಕಡೆ ತೇಲ್ಕೊಂಡು ಹೋಗುತ್ತೆ. ಸ್ಕಂದಗಿರಿ ನೆತ್ತಿ ಮೇಲೆ ನಿಂತು ಬೆಂಗಳೂರಿನ ಹುಡುಗ್ರು ಮೋಡ ಅಂದ್ಕೊಂಡು ಫೋಟೋ ತೆಗೆಯೋದು ಈ ಆವೀನೇ. ಅವರಿಗೆ ಯಾರೂ ಹೇಳಿಲ್ಲ. ಒಂದ್ಸಲ ಮೂಗು ಅರಳಿಸಿದ್ರೆ ಅವರಿಗೇ ಗೊತ್ತಾಗ್ತಿತ್ತು.

ಆ ಮೋಡದ ಬುಡದಲ್ಲಿ, ಕಿಟಕಿ ಪಕ್ಕದ ಬೇಸಿನ್ ಮುಂದೆ ಸುವಾರ್ತಮ್ಮ ಕೂತಿದ್ದಾರೆ. ವಯಸ್ಸು ಐವತ್ತಾರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಡೋ ನೀರೊಳಗೆ ಬೆರಳು ಅದ್ದಿ, ಗೂಡಿನ ಮೈಮೇಲೆ ತುದಿ ಹುಡುಕ್ತಾ ಇದ್ದಾರೆ. ರೇಷ್ಮೆ ಎಳೆ ತಲೆಕೂದಲಿಗಿಂತ ಸಣ್ಣ. ಎಂಟು ಗೂಡಿನ ಎಳೆ ಒಟ್ಟಿಗೆ ಸೇರಿದ್ರೆ ಒಂದು ನೂಲು. ಅದು ಮೇಲಕ್ಕೆ ಹೋಗಿ ರಾಟೆಗೆ ಸುತ್ಕೊಳ್ಳುತ್ತೆ. ಒಂದು ಗೂಡು ಮುಗೀತಿದ್ದ ಹಾಗೇ ಇನ್ನೊಂದರ ತುದಿ ಹಚ್ಚಬೇಕು. ತಡ ಆದ್ರೆ ನೂಲು ಬಡಕಲಾಗುತ್ತೆ, ಆತುರ ಬಿದ್ರೆ ಗಂಟಾಗುತ್ತೆ.

ಸುವಾರ್ತಮ್ಮನ ತುಟಿ ಅಲ್ಲಾಡ್ತಾನೇ ಇರುತ್ತೆ. ಹೊಸಬರು ನೋಡಿದ್ರೆ ಎಲೆ ಅಡಿಕೆ ಅಂದ್ಕೊಳ್ತಾರೆ. ಅಲ್ಲ, ಪ್ರಾರ್ಥನೆ.

"ತಂದೆಯೇ, ಮಂಡಿಕಲ್ ಆವಲಪ್ಪನ ಸೊಂಟ ನೋಡ್ಕೊಳಪ್ಪಾ," ಅಂತ ಒಂದು ಎಳೆ ಹಚ್ತಾರೆ. "ಟೀಚರ್ ಮಗಳು ಮೇಧಾ ಪರೀಕ್ಷೆ ಬರೀತಾವ್ಳೆ, ಗಾಬರಿ ಬೀಳ್ದಂಗೆ ನೋಡ್ಕೋ," ಅಂತ ಇನ್ನೊಂದು. ಬರೀ ಹೆಸರು ಹೇಳಿ ಮುಂದಕ್ಕೆ ಹೋಗೋ ಪೈಕಿ ಅಲ್ಲ ಅವರು. ನೋವು ಎಲ್ಲಿ, ಎಷ್ಟು ದಿನದಿಂದ, ಯಾವ ಡಾಕ್ಟ್ರು ಏನಂದ್ರು, ಎಲ್ಲಾ ವಿವರವಾಗಿ ಒಪ್ಪಿಸ್ತಾರೆ. ಹೆಚ್ಚುಕಮ್ಮಿ ಹತ್ತು ಗೂಡು ಬಿಚ್ಚೋ ಹೊತ್ತಿಗೆ ಒಬ್ಬರ ಕಷ್ಟ ದೇವರ ಕಿವಿಗೆ ಬೀಳುತ್ತೆ.

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕ ಇದೆ. ದಿನಕ್ಕೆ ಎಂಟು ಕಿಲೋ ಗೂಡು. ಕಿಲೋಗೆ ಸುಮಾರು ಆರುನೂರು. ಒಳ್ಳೇ ಗೂಡಾದ್ರೆ ಒಂದರಲ್ಲಿ ಕಿಲೋಮೀಟರ್ ಹತ್ತಿರ ಎಳೆ ಇರುತ್ತೆ. ಗುಣಿಸಿ ನೋಡಿ, ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರ್ ಆಗುತ್ತೆ. ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆದ್ರೆ ಶಿಡ್ಲಘಟ್ಟದಿಂದ ಯೆರೂಸಲೇಮಿಗೆ ಹೆಚ್ಚುಕಮ್ಮಿ ಅಷ್ಟೇ ದೂರ. ಸುವಾರ್ತಮ್ಮ ದಿನಾ ಬೆಳಗ್ಗೆ ಇಲ್ಲಿಂದ ಹೊರಟು ಸಂಜೆ ಅಲ್ಲಿ ಮುಟ್ತಾರೆ. ಮೂವತ್ತೊಂದು ವರ್ಷದಿಂದ, ಕೂತ ಜಾಗ ಬಿಟ್ಟು ಅಲ್ಲಾಡದೆ.

ಹುಟ್ಟಿದ್ದು ಚಿಂತಾಮಣಿ ಕಡೆ ಹಳ್ಳಿ, ಮನೆಮಾತು ತೆಲುಗು. ಅಪ್ಪ ಬೇಗ ಹೋದ್ರು. ಅವ್ವ ಕೂಲಿಗೆ ಹಿಪ್ಪುನೇರಳೆ ಸೊಪ್ಪು ಕೀಳೋರು. ಮನೇಲಿ ಎಲ್ರಿಗೂ ಮುದ್ದೆ ಬಡಿಸಿ, ಪಾತ್ರೆ ತಳದಲ್ಲಿ ಉಳಿದಿದ್ದನ್ನ ಅವ್ವ ತಿನ್ನೋರು. ಪ್ರಾರ್ಥನೆಗೆ ಕೂತ್ರೂ ಅದೇ ಪದ್ಧತಿ. "ಮುಂದು ವಾಳ್ಳು, ತರ್ವಾತ ಮನಂ," ಅನ್ನೋರು. ಮೊದ್ಲು ಅವರು, ಆಮೇಲೆ ನಾವು. ಸುವಾರ್ತಮ್ಮ ಏಳು ವರ್ಷದ ಹುಡುಗಿ ಆಗಿದ್ದಾಗ ಒಂದ್ಸಲ, "ಯೇಸಪ್ಪಾ, ನಂಗೊಂದು ರಿಬ್ಬನ್ನು," ಅಂತ ಶುರು ಮಾಡಿದ್ದಕ್ಕೆ ಅವ್ವ ಬಾಯಿ ಮೇಲೆ ಕೈ ಇಟ್ಟು ತಡೆದ್ರಂತೆ. "ಪಕ್ಕದ್ಮನೆ ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ. ಅದು ಮೊದ್ಲು."

"ಹಸು ಮೇವು ತಿಂತು," ಅಂತಾರೆ ಸುವಾರ್ತಮ್ಮ. "ರಿಬ್ಬನ್ ವಿಷ್ಯ ನಂಗೂ ಮರ್ತೋಯ್ತು."

ಈ ಶೆಡ್ಡಿಗೆ ಬಂದ ಮೇಲೆ ಪಟ್ಟಿ ಬೆಳೀತಾ ಹೋಯ್ತು. ಗೂಡು ಮಾರೋಕೆ ಬರೋ ರೈತರು ಮಾರ್ಕೆಟ್ಟಿಗೆ ಹೋಗೋ ದಾರೀಲಿ ಕಿಟಕಿ ಸರಳಿಗೆ ಮುಖ ಒತ್ತಿ ಹೇಳ್ತಾರೆ: "ಅಮ್ಮಾ, ಹುಳು ಪೊರೆ ಕಳಚೋ ಮೂರನೇ ಜ್ವರಕ್ಕೆ ಬಿದ್ದವೆ, ಒಂದು ಮಾತು ಹೇಳಮ್ಮ." ನೂಲಿನ ಕಟ್ಟಿಗೆ ಚೀಟಿ ಅಂಟಿಸೋ ನಸೀಮಾಗೆ ಹೆರಿಗೆ ಹತ್ತಿರ ಬಂದ್ರೆ ಆಕೆ ಅತ್ತೆ ಬಂದು ಹೇಳ್ತಾರೆ. ಬಹಳ ಜನಕ್ಕೆ ಚರ್ಚು ಯಾವ ಬೀದೀಲಿದೆ ಅಂತ್ಲೂ ಗೊತ್ತಿಲ್ಲ. "ನಮ್ಮನೇಲಿ ಪೂಜೆ ಮಾಡಿಸ್ತೀವಿ, ಅದು ಬೇರೆ. ನೀನೊಂದ್ಸಲ ನಿಮ್ಮ ಯೇಸಪ್ಪನ ಕಿವಿಗೂ ಹಾಕು," ಅಂತಾರೆ. ಸುವಾರ್ತಮ್ಮ ಯಾರನ್ನೂ ಸಭೆಗೆ ಬಾ ಅಂದೋರಲ್ಲ. ಹೆಸರು ಕೇಳ್ಕೊಳ್ತಾರೆ, ಎಳೆ ಹಚ್ತಾರೆ, ಅಷ್ಟೇ.

ಹೊಸ ಹೆಸರು ಯಾವುದೇ ಬರಲಿ, ಅವರದ್ದಕ್ಕಿಂತ ಮುಂದೆ ಸೇರುತ್ತೆ. ಅವರ ಹೆಸರು ಕೊನೇಲಿ. ಇವತ್ತಿಗೆ ಅವರ ಮುಂದೆ ನಾನೂರ ಎಂಬತ್ತಮೂರು ಜನ ಇದ್ದಾರೆ. ಸಂಜೆ ಗೂಡು ಖಾಲಿ ಆಗೋ ಹೊತ್ತಿಗೆ ಇನ್ನೂ ಮೂರೋ ನಾಲ್ಕೋ ಹೆಸರು ಉಳ್ಕೊಂಡಿರುತ್ತೆ. ಮಾರನೇ ದಿನ ಮತ್ತೆ ಮೊದಲಿಂದ. ಪಟ್ಟಿ ಚಿಕ್ಕದಿದ್ದಾಗ ಒಬ್ಬೊಬ್ರ ವಿವರ ಉದ್ದ ಇರ್ತಿತ್ತು, ಲೆಕ್ಕ ಅದೇ. ಹಾಗಾಗಿ ಮೂವತ್ತೊಂದು ವರ್ಷದಲ್ಲಿ ಸುವಾರ್ತಮ್ಮನ ಹೆಸರು ಒಂದು ಸಲಾನೂ ದೇವರಿಗೆ ತಲುಪಿಲ್ಲ. ಇನ್ನೊಂದು ವಿಷಯ ಏನಪ್ಪಾ ಅಂದ್ರೆ, ಪ್ರಾರ್ಥನೆ ಮುಗಿದ್ರೆ ತಾನೇ ಆಮೆನ್? ಭಾನುವಾರ ಎಲ್ಲರ ಜೊತೆ ಹೇಳೋದು ಸಭೆಯ ಆಮೆನ್. ಈ ಬೇಸಿನ್ ಮುಂದಿನ ಪ್ರಾರ್ಥನೆಗೆ ಆಮೆನ್ ಬಿದ್ದೇ ಇಲ್ಲ. ಮೂವತ್ತೊಂದು ವರ್ಷದಿಂದ ಅದು ಒಂದೇ ಪ್ರಾರ್ಥನೆ, ಬಾಗಿಲು ತೆರೆದೇ ಇದೆ.

ಕೈ ಸುಡೋದು, ಬೆರಳ ಚರ್ಮ ಬೆಂಡಾಗೋದು, ಅದನ್ನೆಲ್ಲಾ ಸುವಾರ್ತಮ್ಮ ಕಷ್ಟದ ಲೆಕ್ಕಕ್ಕೆ ಸೇರಿಸಲ್ಲ. ಬಿಸಿನೀರಲ್ಲಿ ನೆಂದು ನೆಂದು ಅವರ ಹೆಬ್ಬೆಟ್ಟಿನ ಗೆರೆಗಳೇ ಅಳಿಸಿಹೋಗಿವೆ. ರೇಷನ್ ಅಂಗಡಿ ಮಿಷನ್ನು, "ನೀವು ಯಾರೋ ಗೊತ್ತಿಲ್ಲ," ಅಂತ ಕೀಂಯ್ ಅನ್ನುತ್ತೆ. ಬೆಂದ ಹುಳುವಿನ ವಾಸನೆ ಸೀರೆ ಬಿಡಲ್ಲ. ಚಿಕ್ಕಬಳ್ಳಾಪುರದ ಬಸ್ಸು ಎಷ್ಟೇ ತುಂಬಿರಲಿ, ಅವರು ಹತ್ತಿದ ತಕ್ಷಣ ಎರಡು ಸೀಟು ಖಾಲಿ ಆಗ್ತವೆ. "ಒಳ್ಳೇ ಜನ," ಅಂತಾರೆ ಸುವಾರ್ತಮ್ಮ, ಆ ಸೀಟಲ್ಲಿ ಬಸುರಿ ಹೆಂಗಸೊಬ್ರನ್ನ ಕೂರಿಸಿ, ತಾವು ಕಂಬಿ ಹಿಡ್ಕೊಂಡು.

ಅವರ ನಿಜವಾದ ಕಷ್ಟ ಕಣ್ಣು. ಮೂರು ವರ್ಷದಿಂದ ಬಲಗಣ್ಣಲ್ಲಿ ಪೊರೆ ಬೆಳೆದಿದೆ, ಎಡಗಣ್ಣಲ್ಲೂ ಶುರುವಾಗಿದೆ. ದೀಪಕ್ಕೆ ಉಂಗುರ ಕಾಣುತ್ತೆ, ಎಳೆ ಕಾಣಲ್ಲ. ಬೆರಳೇ ನೋಡ್ಕೊಳ್ಳುತ್ತೆ, ಆದ್ರೆ ಬೆರಳಿಗೆ ಗಂಟು ಗೊತ್ತಾಗೋ ಹೊತ್ತಿಗೆ ನೂಲು ರಾಟೆ ಹತ್ತಿರುತ್ತೆ. ಮಾಲೀಕರು ರಮೇಶ್‌ಬಾಬು ಕೆಟ್ಟೋರಲ್ಲ. ಹೋದ ವಾರ ತಾವೇ ಬಂದು ಪಕ್ಕದಲ್ಲಿ ಕೂತು ಹೇಳಿದ್ರು: "ಸುವಾರ್ತಮ್ಮೋರೇ, ನಿಮ್ಮ ನೂಲಲ್ಲಿ ಗಂಟು ಜಾಸ್ತಿ ಆಗ್ತಿದೆ. ತಿಂಗಳು ಮುಗಿಯೋ ತನಕ ನೋಡಣ. ಆಗಲಿಲ್ಲ ಅಂದ್ರೆ ಹಿಂದ್ಗಡೆ ಹುಳು ಒಣಗಿಸೋ ಕೆಲಸಕ್ಕೆ ಹೋಗಿ, ಆರಾಮಾಗಿ ಇರಿ."

ಹಿಂದ್ಗಡೆ ಕಿಟಕಿ ಇಲ್ಲ. ಅಲ್ಲಿ ಎಳೆ ಇಲ್ಲ, ಬಂದು ಹೆಸರು ಹೇಳೋರೂ ಇಲ್ಲ. ಸುವಾರ್ತಮ್ಮ ಆವತ್ತು ರಾಗಿಮುದ್ದೆ ಅರ್ಧಕ್ಕೇ ಬಿಟ್ರು.

ಹಾಗಾದ್ರೆ ಕಣ್ಣಿನ ಕ್ಯಾಂಪಿಗೆ ಹೋಗ್ಲಿಲ್ವಾ ಅಂತ ಯಾರಾದ್ರೂ ಕೇಳ್ತಾರೆ. ಮೂರು ವರ್ಷವೂ ಹೋಗಿದ್ದಾರೆ. ವರ್ಷಕ್ಕೊಂದ್ಸಲ ಶಾಲೆ ಜಗಲಿ ಮೇಲೆ ಕ್ಯಾಂಪು ಆಗುತ್ತೆ, ಆಪರೇಷನ್ ಬೇಕಾದೋರ ಹೆಸರು ಬರ್ಕೊಂಡು ಆಮೇಲೆ ಫೋನ್ ಮಾಡ್ತಾರೆ. ಸುವಾರ್ತಮ್ಮನ ಹತ್ರ ಫೋನ್ ಇಲ್ಲ, ಕೋನಪ್ಪನ ಅಂಗಡಿ ನಂಬರ್ ಕೊಟ್ಟಿರ್ತಾರೆ. ಫೋನೂ ಬರುತ್ತೆ. ಆದ್ರೂ ಆಪರೇಷನ್ ಆಗಿಲ್ಲ. ಯಾಕೆ ಅನ್ನೋದು ಈ ಸೋಮವಾರದ ತನಕ ಯಾರಿಗೂ ಗೊತ್ತಿರಲಿಲ್ಲ.

ಆರು ಗಂಟೆಗೆ ಕೋನಪ್ಪ ಟೀ ಕ್ಯಾನ್ ಹಿಡ್ಕೊಂಡು ಶೆಡ್ಡಿಗೆ ಬರ್ತಾರೆ. ಬಂದೋರು ಸೀದಾ ಪಕ್ಕದ ಬೇಸಿನ್ನಿನ ಕೊಂಡಮ್ಮನ ಮುಂದೆ ನಿಲ್ತಾರೆ.

"ಕೊಂಡಮ್ಮಾ, ನಿನ್ನೆ ಸಂಜೆ ಫೋನ್ ಬಂದಿತ್ತು. ನಾಳೆ ಬೆಳಗ್ಗೆ ಆರಕ್ಕೆ ಶಾಲೆ ಹತ್ರ ಬಸ್ಸು. ತಲೆಗೆ ನೀರು ಹಾಕ್ಕೊಂಡು, ಆಧಾರ್ ಕಾರ್ಡ್ ತಗೊಂಡು ಬರ್ಬೇಕಂತೆ. ಬಲಗಣ್ಣು ಆಪರೇಷನ್ನು."

"ಯಾರಿಗೆ?"

"ನಿಂಗೇ."

ಕೊಂಡಮ್ಮನ ಕಣ್ಣಿನ ಬಗ್ಗೆ ಇಲ್ಲಿ ಒಂದು ಮಾತು. ಮಾರ್ಕೆಟ್ ಮುಂದೆ ನಿಂತು, ನಂದಿ ಬೆಟ್ಟದ ಮೇಲೆ ಯಾರು ಕಡ್ಲೆಕಾಯಿ ಸುಲೀತಾವ್ರೆ, ಸಿಪ್ಪೆ ಎಲ್ಲಿ ಎಸೀತಾವ್ರೆ ಅಂತ ಹೇಳಬಲ್ಲ ಕಣ್ಣು ಅದು.

"ಲೇ ಕೋನಪ್ಪಾ, ನಿನ್ನ ಕ್ಯಾನಲ್ಲಿ ನೀರೆಷ್ಟು ಹಾಲೆಷ್ಟು ಅಂತ ಮುಚ್ಚಳ ತೆಗೀದಂಗೆ ಹೇಳ್ಲಾ? ನಂಗ್ಯಾಕೆ ಆಪರೇಷನ್ನು?"

ಕೋನಪ್ಪ ಕ್ಯಾನಿನ ಮುಚ್ಚಳ ಇನ್ನಷ್ಟು ಬಿಗೀತಾರೆ. ಕೊಂಡಮ್ಮ ನಿಧಾನಕ್ಕೆ ಪಕ್ಕಕ್ಕೆ ತಿರುಗ್ತಾರೆ. ಸುವಾರ್ತಮ್ಮ ಬೇಸಿನ್ ಒಳಗೇ ನೋಡ್ತಿದ್ದಾರೆ, ಅಲ್ಲಿ ಏನೂ ಕಾಣ್ದಿದ್ರೂ.

"ಅಕ್ಕಾ. ಕ್ಯಾಂಪಿಗೆ ಹೋಗಿದ್ದು ನೀನು. ಹೆಸ್ರು ಕೇಳ್ದಾಗ ಏನಂದೆ?"

"ಆವತ್ತು ನಿಂಗೆ ಹೊಟ್ಟೆನೋವು ಜಾಸ್ತಿ ಇತ್ತಲ್ಲ ಕೊಂಡಮ್ಮ. ಅದನ್ನೇ ಹೇಳ್ಕೊಂಡು ನಿಂತಿದ್ದೆ. ಆ ಹುಡುಗಿ ಹೆಸರು ಹೇಳಿ ಅಂದ್ಳು. ಬಾಯಿಗೆ ಬಂದುಬಿಡ್ತು."

"ಹೋದ ವರ್ಷ?"

"ಗೌರಿಬಿದನೂರು ವರಲಕ್ಷ್ಮಮ್ಮ."

"ಅದರ ಹಿಂದಿನ ವರ್ಷ?"

"ಆವಲಪ್ಪ." ಸುವಾರ್ತಮ್ಮ ತಾವೇ ಸೇರಿಸ್ತಾರೆ: "ಅವರಿಬ್ರಿಗೂ ಪೊರೆ ಇತ್ತು ಕಣೇ. ಕೋನಪ್ಪ ಸುದ್ದಿ ಮುಟ್ಟಿಸ್ದ, ಆಸ್ಪತ್ರೇಲಿ ನೋಡಿ ತೆಗೆದ್ರು. ಒಳ್ಳೇದೇ ಆಯ್ತಲ್ಲ."

"ನಂಗೆ ಪೊರೆ ಇಲ್ವಲ್ಲ ಅಕ್ಕಾ! ಈಗ ಯಾರಿಗೆ ಒಳ್ಳೇದಾಯ್ತು?"

ಹೆಸರು ಹೇಳಿ ಅಂದ ತಕ್ಷಣ ಸುವಾರ್ತಮ್ಮನ ಬಾಯಿಗೆ ಬೇರೆಯೋರ ಹೆಸರೇ ಬರೋದು. ಅದು ಮೂವತ್ತೊಂದು ವರ್ಷದ ಅಭ್ಯಾಸ.

"ನಾಳೆ ನೀನು ಹೋಗ್ತೀಯ," ಅಂತಾರೆ ಕೊಂಡಮ್ಮ. "ನಾನೂ ಜೊತೇಲಿ ಬರ್ತೀನಿ."

"ಬ್ಯಾಡ ಕಣೇ. ಆ ಜಾಗ ಇನ್ಯಾರಿಗಾದ್ರೂ ಆಗ್ಲಿ. ನಂಗೆ ಬೆರಳಿದೆ."

"ನೀನು ಹಿಂದ್ಗಡೆ ಹೋದ್ರೆ ಈ ಕಿಟಕೀಲಿ ಯಾರು ಕೂರ್ತಾರೆ? ನಾನಾ? ನಮ್ಮನೆ ದೇವ್ರಿಗೆ ಕೈ ಮುಗಿಯೋಕೇ ನಂಗೆ ಪುರುಸೊತ್ತಿಲ್ಲ!"

ಆಗ ಸುವಾರ್ತಮ್ಮ, ಇದುವರೆಗೂ ಯಾರಿಗೂ ಹೇಳದೇ ಇದ್ದ ಮಾತು ಹೇಳ್ತಾರೆ. "ಶನಿವಾರ ಎರಡು ಗೂಡು ತುದಿ ಸಿಗದೆ ತಳಕ್ಕೆ ಹೋದ್ವು, ಕೊಂಡಮ್ಮ. ಒಂದು ನಸೀಮಾದು. ಇನ್ನೊಂದು ಯಾರದು ಅಂತ ನೆನಪಾಗ್ತಿಲ್ಲ." ಅವರ ದನಿ ಆವಿ ಹಾಗೆ ತೆಳ್ಳಗಿದೆ. "ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಯಾರೋ ಒಬ್ರನ್ನ ಬಿಟ್ಬಿಟ್ಟಿದೀನಿ."

ಕೊಂಡಮ್ಮ ಎದ್ದು, ತನ್ನ ಸೆರಗಿನ ಅಂಚಿಂದ ಸುವಾರ್ತಮ್ಮನ ಮುಖದ ಬೆವರು ಒರೆಸಿ, ಮತ್ತೆ ಬಂದು ಕೂತ್ಕೊಳ್ತಾರೆ. "ಐದೂವರೆಗೆ ಮನೆ ಹತ್ರ ಬರ್ತೀನಿ. ರೆಡಿ ಇರು."

ಮಂಗಳವಾರ ಬೆಳಗ್ಗೆ ಶಾಲೆ ಮುಂದೆ ಮಂಜು. ಬಸ್ಸಿನ ಇಂಜಿನ್ನು ಗುರುಗುಡ್ತಾ ಇದೆ. ಇಪ್ಪತ್ತೊಂಬತ್ತು ಜನ ಆಗ್ಲೇ ಹತ್ತಿ ಕೂತಿದ್ದಾರೆ, ಆಪರೇಷನ್ನಿನೋರ ಸೀಟು ಒಂದು ಬಾಕಿ. ಮೇಜಿನ ಹಿಂದೆ ಮಹತಿ ಅಂತ ಚಿಕ್ಕ ವಯಸ್ಸಿನ ಹುಡುಗಿ, ಕ್ಯಾಂಪಿನ ಪಟ್ಟಿ ಬರೆಯೋಳು, ಸುವಾರ್ತಮ್ಮನ ಕಾರ್ಡು ನೋಡ್ತಾಳೆ, ಪಟ್ಟಿ ನೋಡ್ತಾಳೆ, ಮತ್ತೆ ಕಾರ್ಡು ನೋಡ್ತಾಳೆ.

"ಪಟ್ಟೀಲಿ ಕೊಂಡಮ್ಮ ಅಂತಿದೆ. ಕಾರ್ಡಲ್ಲಿ ಬೇರೆ ಇದೆ. ಹೆಬ್ಬೆಟ್ಟು ಇಡಿ ಅಮ್ಮ."

ಸುವಾರ್ತಮ್ಮ ಹೆಬ್ಬೆಟ್ಟು ಇಡ್ತಾರೆ. ಮಿಷನ್ನು ಕೀಂಯ್ ಅನ್ನುತ್ತೆ. ಇನ್ನೊಂದು ಬೆರಳು. ಕೀಂಯ್. ಹತ್ತು ಬೆರಳಿಗೂ ಕೀಂಯ್.

"ಸರಿ, ಬಾಯಲ್ಲೇ ಹೇಳಿ. ಆಪರೇಷನ್ ಟೇಬಲ್ ಮೇಲೂ ಡಾಕ್ಟ್ರು ಕೇಳ್ತಾರೆ, ನೀವೇ ಹೇಳ್ಬೇಕು. ನಿಮ್ಮ ಹೆಸರೇನು?"

ಸುವಾರ್ತಮ್ಮ ಬಾಯಿ ತೆಗೀತಾರೆ. "ಆವಲಪ್ಪ," ಅಂತಾರೆ.

ಮಹತಿ ಪೆನ್ನು ಕೆಳಗಿಡ್ತಾಳೆ.

"ಅಲ್ಲ, ಅಲ್ಲ," ಸುವಾರ್ತಮ್ಮನಿಗೆ ಬೆವರು ಕಿತ್ಕೊಳ್ಳುತ್ತೆ. "ವರಲಕ್ಷ್ಮಮ್ಮ. ಅಯ್ಯೋ, ಅದೂ ಅಲ್ಲ." ಹಿಂದೆ ನಿಂತಿರೋ ಮುದುಕರೊಬ್ರನ್ನ ತಿರುಗಿ ನೋಡಿ, ಜೀವ ಬಂದ ಹಾಗೆ, "ಚೆನ್ನರಾಯಪ್ಪ! ಇವ್ರನ್ನ ಕರ್ಕೊಂಡು ಹೋಗಿ ತಾಯಿ, ಇವ್ರಿಗೆ ನಡೆಯೋಕೂ ಕಾಣಲ್ಲ."

"ನನ್ನ ಬಿಡಮ್ಮಾ," ಅಂತಾರೆ ಚೆನ್ನರಾಯಪ್ಪ. "ನಂದು ಆಪರೇಷನ್ ಗುರುವಾರಕ್ಕೆ ಗಟ್ಟಿಯಾಗಿದೆ. ಬರೀ ಕೇಳ್ಕೊಂಡು ಹೋಗೋಕೆ ಬಂದೆ. ನೀನು ನಿನ್ನ ಹೆಸ್ರು ಹೇಳು."

ಕೊಂಡಮ್ಮ ಮೇಜಿನ ಮೇಲೆ ಎರಡೂ ಕೈ ಊರ್ತಾರೆ. "ಮೇಡಂ, ಅವ್ಳ ಹೆಸ್ರು ಕೊನೇಲಿದೆ. ಮಧ್ಯದಿಂದ ಕಿತ್ರೆ ಬರಲ್ಲ. ಮೊದ್ಲಿಂದ ಹೇಳ್ಕೊಂಡು ಬಂದ್ರೆ ಬರುತ್ತೆ. ಅಕ್ಕಾ, ಬೇಸಿನ್ ಮುಂದೆ ಕೂತಿದೀಯ ಅಂದ್ಕೋ. ಶುರು ಮಾಡು. ಬರೀ ಹೆಸ್ರು ಸಾಕು, ಸೊಂಟ ಪಂಟ ಬ್ಯಾಡ."

ಸುವಾರ್ತಮ್ಮ ಕಣ್ಣು ಮುಚ್ತಾರೆ. ಬೆರಳು ತಾನಾಗೇ ಗಾಳೀಲಿ ತುದಿ ಹುಡುಕೋಕೆ ಶುರು ಮಾಡುತ್ತೆ.

"ತಂದೆಯೇ. ಆವಲಪ್ಪ. ಮೇಧಾ. ನಸೀಮಾ. ಕಂಡಕ್ಟರ್ ಸುನೀಲ್‌ಕುಮಾರ್..."

ಹೆಸರು ಒಂದೊಂದಾಗಿ ಮಂಜಿನೊಳಗೆ ಹೋಗ್ತವೆ. ಮೊದಲ ಐವತ್ತು ಹೆಸರಿಗೆ ಮಹತಿ ಗಡಿಯಾರ ನೋಡ್ತಾಳೆ. ಆಮೇಲೆ ನೋಡೋದು ಬಿಡ್ತಾಳೆ. ನೂರನೇ ಹೆಸರಿಗೆ ಡ್ರೈವರ್ರು ಇಂಜಿನ್ ಆಫ್ ಮಾಡ್ತಾರೆ, ನೂರ ಹನ್ನೊಂದನೇದು ಅವರದ್ದೇ ಹೆಸರು. ಇನ್ನೂರರ ಹತ್ರ ಕಾಗೆಗಳು ಕೂಗೋದು ನಿಲ್ಲಿಸ್ತವೆ. ಬಸ್ಸಿನ ಕಿಟಕಿಗಳು ಒಂದೊಂದಾಗಿ ಸರೀತವೆ, ಪೊರೆ ಬಿದ್ದ ಇಪ್ಪತ್ತೊಂಬತ್ತು ಜೊತೆ ಕಣ್ಣು ದನಿ ಬಂದ ಕಡೆ ತಿರುಗ್ತವೆ. ತಮ್ಮ ಹೆಸರು ಬಂದೋರು, ಒಳಗಿದ್ದೋರೂ ಹೊರಗಿದ್ದೋರೂ, ಶಾಲೇಲಿ ಹಾಜರಿ ಕೂಗಿದ ಹಾಗೆ ನೆಟ್ಟಗೆ ನಿಲ್ತಾರೆ. ಮುನ್ನೂರರ ಸುಮಾರಿಗೆ, ನೋಡಿದೋರು ಆಣೆ ಮಾಡಿ ಹೇಳೋ ಪ್ರಕಾರ, ಮಂಜು ನೂಲಿನ ಹಾಗೆ ಸಣ್ಣಗೆ ಎಳೆ ಎಳೆಯಾಗಿ ಸುವಾರ್ತಮ್ಮನ ಬೆರಳಿಗೆ ಸುತ್ಕೊಂಡು ಮೇಲಕ್ಕೆ ಹೋಗ್ತಾ ಇತ್ತು. ಮುನ್ನೂರ ಎಪ್ಪತ್ತನೇ ಹೆಸರಲ್ಲಿ ಅವರು ತಡೆದು ನಿಲ್ತಾರೆ. "ಕೆರೆ ಏರಿ ಮುನೆಕ್ಕ," ಅಂತಾರೆ ಮೆತ್ತಗೆ. "ನೀನಾ? ಶನಿವಾರ ತಳಕ್ಕೆ ಹೋದೋಳು ನೀನೇನಾ?" ಅವರ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತೆ, ಮುಂದಕ್ಕೆ ಹೋಗ್ತಾರೆ.

ಮುಕ್ಕಾಲು ಗಂಟೆ ಆಗುತ್ತೆ. ನಾನೂರ ಎಂಬತ್ತಮೂರನೇ ಹೆಸರು ಕೊಂಡಮ್ಮ. ಅದಾದ ಮೇಲೆ ಯಾರೂ ಇಲ್ಲ. ಸುವಾರ್ತಮ್ಮ ಕಾಯ್ತಾರೆ, ಕಿಟಕೀಲಿ ಇನ್ಯಾರಾದ್ರೂ ಬರ್ತಾರೇನೋ ಅನ್ನೋ ಹಾಗೆ. ಯಾರೂ ಬರಲ್ಲ.

"ಸುವಾರ್ತಮ್ಮ," ಅಂತಾರೆ. ಯಾರದ್ದೋ ಹೊಸ ಹೆಸರು ಕೇಳಿದ ಹಾಗೆ ಅವರಿಗೇ ಆಶ್ಚರ್ಯ. ಆಮೇಲೆ, ಮೂವತ್ತೊಂದು ವರ್ಷದ ಮೇಲೆ, "ಆಮೆನ್."

"ಆಯ್ತಾ?" ಅಂತಾರೆ ಡ್ರೈವರ್ರು ಮೂಗು ಒರೆಸ್ಕೊಂಡು. "ಹೋಗಣಾ?"

ಮಹತಿ ಪೆನ್ನು ಎತ್ಕೊಳ್ತಾಳೆ. "ಕೊನೇದು ಒಂದೇ ಬರ್ಕೊಳ್ಳೋದು ತಾನೇ, ಅಮ್ಮ?"

ಈಗ ಎರಡು ತಿಂಗಳಾಗಿದೆ. ಬೆಳಗ್ಗೆ ಐದೂವರೆ, ಶೆಡ್ಡಿನ ತುಂಬ ಅದೇ ಆವಿ. ಕಿಟಕಿ ಪಕ್ಕದ ಬೇಸಿನ್ ಮುಂದೆ ಅದೇ ಸುವಾರ್ತಮ್ಮ. ರಮೇಶ್‌ಬಾಬು ಹಿಂದ್ಗಡೆ ಕೆಲಸದ ಮಾತು ಮತ್ತೆ ಎತ್ತಿಲ್ಲ. ನೂಲಲ್ಲಿ ಗಂಟಿಲ್ಲ. ಪಟ್ಟಿ ಐನೂರು ದಾಟಿದೆ. ಕ್ಯಾಂಪಿನ ಮಹತಿ, ಡಾಕ್ಟ್ರು, ಹೆಬ್ಬೆಟ್ಟಿನ ಮಿಷನ್ನು ರಿಪೇರಿ ಮಾಡೋರು, ಎಲ್ಲಾ ಸೇರಿದ್ದಾರೆ. ಸುವಾರ್ತಮ್ಮನ ಹೆಸರು ಮತ್ತೆ ಕೊನೇಲಿ.

"ಒಂದ್ಸಲ ಕರೆದಿದೀನಿ, ಒಂದ್ಸಲ ಕೇಳಿಸ್ಕೊಂಡವ್ನೆ. ಸಾಕಲ್ಲ," ಅಂತಾರೆ. ಇನ್ನೊಂದು ಕಣ್ಣು? "ಎಡಗಣ್ಣಾ? ಅದೂ ಪಟ್ಟೀಲಿದೆ. ನನ್ನ ಹೆಸ್ರಿಗಿಂತ ಹಿಂದೆ ಇಟ್ಟಿದೀನಿ. ಅದಕ್ಕೇನು ಅವಸರ?"

ಪಕ್ಕದಲ್ಲಿ ಕೊಂಡಮ್ಮ ತನ್ನ ಬೇಸಿನ್ನಿಗೆ ಬೆನ್ನು ಹಾಕಿ, ಟೀ ಲೋಟ ಹಿಡ್ಕೊಂಡು, ಆಸ್ಪತ್ರೇಲಿ ಆಗಿದ್ದನ್ನ ನೂರನೇ ಸಲ ಹೇಳ್ತಾ ಇದ್ದಾರೆ. ಆಪರೇಷನ್ ಕೋಣೆಯೊಳಗೆ ಅವರನ್ನ ಯಾರೂ ಬಿಟ್ಟಿರಲಿಲ್ಲ, ಆದ್ರೂ ಬಾಗಿಲ ಸಂದೀಲಿ ಎಲ್ಲಾ ಕಂಡಿದೆ. ಸುವಾರ್ತಮ್ಮ ಕೇಳಿಸ್ಕೊಳ್ತಾ ಇದ್ದಾರೆ.

"ಡಾಕ್ಟ್ರು ಪೊರೆ ತುದಿ ಹಿಡ್ಕೊಂಡು ಎಳೀತಾರೆ. ಬರುತ್ತೆ. ಇನ್ನೂ ಎಳೀತಾರೆ, ಇನ್ನೂ ಬರುತ್ತೆ. ಪೊರೆ ಅಲ್ವೇ ಅಲ್ಲ ಅದು, ಒಳ್ಳೇ ಬಿಳೀ ರೇಷ್ಮೆ! ನರ್ಸಮ್ಮ ಅದನ್ನ ಸಲೈನ್ ಕಂಬಕ್ಕೆ ಸುತ್ತೋಕೆ ಶುರು ಮಾಡ್ತಾಳೆ. ಕಂಬ ತುಂಬೋಯ್ತು. ಡಾಕ್ಟ್ರು ತುದಿ ಹಿಡ್ಕೊಂಡು ಕಿಟಕಿ ಹತ್ರ ಹೋಗ್ತಾರೆ, ಹೊರಗಡೆ ಬಗ್ಗಿ ನೋಡ್ತಾರೆ, ಎಳೆ ಇನ್ನೂ ಮುಗ್ದಿಲ್ಲ, ಸ್ಕಂದಗಿರಿ ಮೇಲಿಂದ ಮೋಡ ಹಿಡ್ಕೊಂಡು ಹಂಗೇ..."

ಸುವಾರ್ತಮ್ಮ ಎದ್ದು ಕೊಂಡಮ್ಮನ ಬೇಸಿನ್ ಹತ್ರ ಹೋಗಿಬಿಡ್ತಾರೆ. ಅಲ್ಲಿ ಎಳೆಯೊಂದು ಕಿತ್ತೋಗಿದ್ದು ಅವರಿಗೆ ಕೂತಲ್ಲಿಂದಲೇ ಕಂಡಿದೆ.